ಕಲಿಕೆಯನ್ನು ಅಧ್ಯಯನ ಮಾಡುವವರು ಮೊದಲು ಏನು ಕೆಲಸ ಮಾಡುತ್ತಿದ್ದರು?

ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ಸ್ಟೀಫನ್ ಬಿಲೆಟ್ ಅವರು ಕೆಲಸದ ಸ್ಥಳದಲ್ಲಿ ಜನ ಹೇಗೆ ಕಲಿಯುತ್ತಾರೆ ಎಂಬ ವಿಷಯದ ಮೇಲೆ ದಶಕಗಳಿಂದ ಬರೆಯುತ್ತಿರುವವರು. ಅವರ ಪರಿಚಯದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಸಂಗತಿ ಸೇರಿರುತ್ತದೆ: ಅವರು ಮೊದಲು ದುಡಿದದ್ದು ಸಿದ್ಧ ಉಡುಪು ತಯಾರಿಕೆಯಲ್ಲಿ. ಅಲ್ಲಿಂದ ವೃತ್ತಿ ಶಿಕ್ಷಣದ ಬೋಧಕರಾಗಿ, ಆಡಳಿತಗಾರರಾಗಿ, ಬೋಧಕರಿಗೇ ಪಾಠ ಹೇಳುವವರಾಗಿ ನಡೆದು, 1990ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯವನ್ನು ಸೇರಿದರು. ಎಲ್ಲರೂ ಕಣ್ಣಾಡಿಸಿ ಮುಂದೆ ಹೋಗುವ ಆ ಒಂದು ಸಾಲಿನಲ್ಲಿ ನಾನು ಬಹಳ ಹೊತ್ತು ನಿಂತೆ. ಕೆಲಸದ ಸ್ಥಳವು ಎಲ್ಲರಿಗೂ ಒಂದೇ ಬಗೆಯಲ್ಲಿ ಕಲಿಯುವ ಅವಕಾಶವನ್ನು ತೆರೆದಿಡುವುದಿಲ್ಲ, ಕೆಲವರನ್ನು ಕರೆಯುತ್ತದೆ, ಕೆಲವರನ್ನು ಹೊರಗೇ ನಿಲ್ಲಿಸುತ್ತದೆ ಎಂಬುದು ಅವರ ಬರಹದ ಉದ್ದಕ್ಕೂ ಹರಿಯುವ ವಿಚಾರ. ಹೊಲಿಗೆಯ ಸಾಲಿನಲ್ಲಿ ಒಬ್ಬರಿಗೆ ವರ್ಷಗಟ್ಟಲೆ ಕಾಲರ್ ಮಾತ್ರ, ಇನ್ನೊಬ್ಬರಿಗೆ ಜೇಬು ಮಾತ್ರ ಸಿಗುವುದನ್ನು ಹತ್ತಿರದಿಂದ ಕಂಡವರಿಗೆ ಈ ವಿಚಾರ ಗ್ರಂಥಾಲಯಕ್ಕೆ ಹೋಗುವ ಮೊದಲೇ ಗೊತ್ತಿರಬೇಕು ಎಂಬುದು ನನ್ನ ಊಹೆ.

ಈ ಊಹೆಗೆ ನನ್ನದೇ ಬದುಕಿನ ಹಿನ್ನೆಲೆಯಿದೆ. ನಾನು ಐಟಿಐನಲ್ಲಿ ಟರ್ನರ್ ಕೆಲಸ ಕಲಿತು, ಆರು ವರ್ಷ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು, ಅನಂತರ ಕಾರ್ಖಾನೆಯ ಟ್ರೈನಿಂಗ್ ಸೆಕ್ಷನ್ನಿಗೆ ಬಂದವನು. ಹೊಸಬರಿಗೆ ಕೆಲಸ ಕಲಿಸುವ ಕ್ರಮವನ್ನು ಬರೆದುಕೊಡಲು ಹೊರಗಿನಿಂದ ಒಂದು ತಂಡ ಬಂದಿತ್ತು. ಲೇತ್ ನಡೆಸುವುದನ್ನು ಅವರು 42 ಹಂತಗಳಾಗಿ ಒಡೆದು, ಪ್ರತಿ ಹಂತದ ಮುಂದೆ ಗುರುತು ಹಾಕುವ ಚೌಕವನ್ನಿಟ್ಟು ಪಟ್ಟಿ ಕೊಟ್ಟರು. ಹಂತಗಳಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಟೂಲ್ ಮೊಂಡಾಗುತ್ತಿದ್ದಂತೆ ಬದಲಾಗುವ ಶಬ್ದವಾಗಲಿ, ಕಿತ್ತು ಬರುವ ಲೋಹದ ಸುರುಳಿಯ ಬಣ್ಣವಾಗಲಿ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಉಕ್ಕಿನ ಸುರುಳಿ ನೀಲಿಗಟ್ಟಿದರೆ ಬಿಸಿ ತಾಳುವ ಕಾರ್ಬೈಡ್ ಟೂಲ್ ಹಾಕಿದವನು ನಿಶ್ಚಿಂತೆಯಿಂದಿರುತ್ತಾನೆ, ಅಷ್ಟು ಬಿಸಿ ತಾಳದ ಹೈ ಸ್ಪೀಡ್ ಸ್ಟೀಲ್ ಟೂಲ್ ಹಾಕಿದವನು ಕೂಡಲೇ ವೇಗ ಇಳಿಸುತ್ತಾನೆ. ಆ ಬಣ್ಣವನ್ನು ಓದಲು ಬರುವುದೇ ಟರ್ನರ್ ಆಗುವುದರ ದೊಡ್ಡ ಪಾಲು. ಪಟ್ಟಿ ಬರೆದವರು ಪ್ರಾಮಾಣಿಕರು, ಓದಿದವರು. ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಆ ಬಣ್ಣ ಬರುವಂತಿರಲಿಲ್ಲ, ಅಷ್ಟೇ. ಅಂದಿನಿಂದ ಈ ಕ್ಷೇತ್ರದ ಯಾವ ಬರಹವನ್ನು ಕೈಗೆತ್ತಿಕೊಂಡರೂ, ಬರೆದವರು ಸಂಶೋಧಕರಾಗುವ ಮೊದಲು ಎಲ್ಲಿದ್ದರು ಎಂಬುದನ್ನು ಮೊದಲು ಹುಡುಕುವುದು ನನಗೆ ರೂಢಿಯಾಗಿದೆ.

ಹಾಗೆ ಹುಡುಕುತ್ತಾ ನನಗೆ ಅತ್ಯಂತ ಪ್ರಿಯರಾದವರು ಸಿಲ್ವಿಯಾ ಸ್ಕ್ರಿಬ್ನರ್. 1923ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅವರು ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ. ಮುಂದೆ ವಿದ್ಯುತ್, ರೇಡಿಯೋ ಮತ್ತು ಯಂತ್ರ ಕಾರ್ಮಿಕರ ಒಕ್ಕೂಟದಲ್ಲಿ ವರ್ಷಗಳ ಕಾಲ ಸಂಶೋಧನೆಯ ಕೆಲಸ ಮಾಡಿದರು. ಎಂದರೆ ಕಾರ್ಮಿಕರ ಪರವಾಗಿ ಅಂಕಿ ಅಂಶ ಕಲೆಹಾಕಿ, ಅವರ ವಾದಕ್ಕೆ ಆಧಾರ ಒದಗಿಸುವ ಕೆಲಸ. ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದು 1970ರಲ್ಲಿ, ನಲವತ್ತೇಳರ ಆಸುಪಾಸಿನ ವಯಸ್ಸಿನಲ್ಲಿ. ಆಮೇಲೆ ಮನೋವಿಜ್ಞಾನಿ ಮೈಕೆಲ್ ಕೋಲ್ ಅವರ ಜೊತೆಗೂಡಿ ಲೈಬೀರಿಯಾದ ವಾಯ್ ಜನರ ಅಕ್ಷರಜ್ಞಾನವನ್ನು ಅಧ್ಯಯನ ಮಾಡಿದರು. ಅದಾದ ಮೇಲೆ ಅವರು ಹೋದದ್ದು ಬಾಲ್ಟಿಮೋರ್ ನಗರದ ಒಂದು ಹಾಲಿನ ಡೇರಿಗೆ.

ಆ ಡೇರಿಯ ಶೀತಲ ಗೋದಾಮಿನಲ್ಲಿ ರಾತ್ರಿಯಿಡೀ ಆರ್ಡರ್‌ಗಳನ್ನು ಹೊಂದಿಸಿಡುವ ಕಾರ್ಮಿಕರಿದ್ದರು. ಸಂಸ್ಥೆಯ ದೃಷ್ಟಿಯಲ್ಲಿ ಅದು ಕೌಶಲವಿಲ್ಲದ ಕೆಲಸ. ಹಾಲು ಬರುವ ಕ್ರೇಟಿನ ಗಾತ್ರ ಒಂದೇ, ಆದರೆ ಅದರಲ್ಲಿ ಕ್ವಾರ್ಟ್ (ಸುಮಾರು ಒಂದು ಲೀಟರ್) ಅಳತೆಯ ಪೊಟ್ಟಣಗಳಾದರೆ 16 ಹಿಡಿಯುತ್ತವೆ, ಅದರರ್ಧದ ಪೈಂಟ್ ಆದರೆ 32. ಆರ್ಡರ್ ಹಾಳೆಯಲ್ಲಿ ‘ಒಂದು ಕ್ರೇಟ್, ಆರು ಕಡಿಮೆ’ ಎಂದು ಬರೆದಿರುತ್ತದೆ. ಅಂದರೆ ಕ್ವಾರ್ಟ್ ಪೊಟ್ಟಣಗಳು 10. ಹೊಸಬನು ತುಂಬಿದ ಕ್ರೇಟ್ ಎಳೆದುಕೊಂಡು ಅದರಿಂದ ಆರನ್ನು ತೆಗೆದಿಡುತ್ತಾನೆ, ಹಾಳೆ ಹೇಳಿದ ಹಾಗೆ. ಪಳಗಿದವನು ಸುತ್ತಲೂ ಕಣ್ಣು ಹಾಯಿಸಿ, ಅರ್ಧ ತುಂಬಿ ಬಿದ್ದಿರುವ ಎಂಟು ಪೊಟ್ಟಣಗಳ ಕ್ರೇಟನ್ನು ಹುಡುಕಿ ಅದಕ್ಕೆ ಎರಡನ್ನು ಸೇರಿಸಿ ಸಾಗಹಾಕುತ್ತಾನೆ. ಆರು ಸಲ ಬಗ್ಗುವ ಬದಲು ಎರಡೇ ಸಲ. ಕಾಗದದ ಮೇಲಿನ ಲೆಕ್ಕ ಒಂದೇ ಆದರೂ, ಆ ಗಳಿಗೆಯಲ್ಲಿ ಕಣ್ಣೆದುರಿಗೆ ಯಾವ ಕ್ರೇಟ್ ಎಷ್ಟು ತುಂಬಿದೆ ಎಂಬುದನ್ನು ನೋಡಿಕೊಂಡು ಅವನು ಪ್ರತಿ ಸಲವೂ ಹೊಸದಾಗಿ ಲೆಕ್ಕ ಕಟ್ಟುತ್ತಾನೆ; ತಲೆಗೆ ತುಸು ಹೆಚ್ಚು ಕೆಲಸ ಕೊಟ್ಟು ಸೊಂಟಕ್ಕೆ ಕೆಲಸ ಉಳಿಸುತ್ತಾನೆ. ಇದೇ ಕೆಲಸವನ್ನು ಶಾಲೆಯ ಮಕ್ಕಳಿಗೆ ಕೊಟ್ಟಾಗ ಅವರು ಹಾಳೆಯಲ್ಲಿದ್ದುದನ್ನು ಅಕ್ಷರಶಃ ಪಾಲಿಸುವ ಕಡೆಗೇ ವಾಲಿದರು.

ಸ್ಕ್ರಿಬ್ನರ್ ಇದನ್ನು ಹೇಗೆ ಕಂಡರು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ಬುದ್ಧಿ ಪ್ರಯೋಗಾಲಯದಲ್ಲಿದೆ, ಗೋದಾಮಿನಲ್ಲಿರುವುದು ಬರಿಯ ಶ್ರಮ ಎಂಬ ನಂಬಿಕೆ ಅಂದಿನ ಮನೋವಿಜ್ಞಾನದಲ್ಲಿ ಆಳವಾಗಿತ್ತು. ಅದೇ ನಂಬಿಕೆಯಿಂದ ಬಂದವರು ಆ ಗೋದಾಮಿಗೆ ಹೋಗಿದ್ದರೆ ಎತ್ತಿದ ಕ್ರೇಟ್‌ಗಳನ್ನು ಎಣಿಸಿ, ಗಂಟೆಗೆ ಇಷ್ಟು ಎಂದು ಬರೆದುಕೊಂಡು ಬರುತ್ತಿದ್ದರು. ಒಕ್ಕೂಟದ ಕಚೇರಿಯಲ್ಲಿ ವರ್ಷಗಟ್ಟಲೆ ಕೂತವರಿಗೆ, ಕಾರ್ಮಿಕನು ತನ್ನ ದೇಹವನ್ನು ಉಳಿಸಿಕೊಳ್ಳಲು ಯೋಚಿಸುತ್ತಾನೆ ಎಂಬುದು ಮೊದಲೇ ಗೊತ್ತಿರುತ್ತದೆ. ಶ್ರಮ ಉಳಿಸುವುದನ್ನು ಮೈಗಳ್ಳತನ ಎಂದು ಕರೆಯುವ ಸೂಪರ್‌ವೈಸರನ ಕಣ್ಣು ಒಂದು, ಅದನ್ನೇ ಜಾಣತನ ಎಂದು ಗುರುತಿಸುವ ಕಣ್ಣು ಇನ್ನೊಂದು. ಸ್ಕ್ರಿಬ್ನರ್ ಅವರಿಗೆ ಈ ಎರಡನೆಯ ಕಣ್ಣು ಬಂದದ್ದು ಡಾಕ್ಟರೇಟಿನಿಂದಲ್ಲ ಎಂದೇ ನಾನು ನಂಬಿದ್ದೇನೆ.

ಜೂಲಿಯನ್ ಓರ್ ಅವರ ಉದಾಹರಣೆ ಇನ್ನೂ ನೇರವಾದದ್ದು. ಅವರು ಮೊದಲು ತಂತ್ರಜ್ಞರಾಗಿ ದುಡಿದು, ಆಮೇಲೆ ಮಾನವಶಾಸ್ತ್ರ ಓದಿ, 1980ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದುಕೊಂಡು ಅದೇ ಸಂಸ್ಥೆಯ ನಕಲು ಯಂತ್ರ ರಿಪೇರಿ ಮಾಡುವವರ ಜೊತೆ ಓಡಾಡಿದರು. ದೋಷ ಕಂಡರೆ ಹೀಗೆ ಮಾಡಿ, ಆಮೇಲೆ ಹಾಗೆ ಮಾಡಿ ಎಂದು ಹೇಳುವ ಕೈಪಿಡಿಗಳನ್ನು ಸಂಸ್ಥೆ ಕೊಟ್ಟಿತ್ತು. ಕೈಪಿಡಿ ಮುಗಿದ ಮೇಲೂ ಯಂತ್ರ ಕೆಟ್ಟೇ ಇದ್ದಾಗ ತಂತ್ರಜ್ಞರು ಮಾಡುತ್ತಿದ್ದದ್ದು ಕತೆ ಹೇಳುವ ಕೆಲಸ. ಅಂಥದ್ದೇ ಯಂತ್ರ ಬೇರೆ ಕಚೇರಿಯಲ್ಲಿ ಹೀಗೆ ಕೈಕೊಟ್ಟಿತ್ತು, ಆಗ ತೋರಿಸಿದ ದೋಷ ಸಂಖ್ಯೆ ನಂಬುವಂಥದ್ದಾಗಿರಲಿಲ್ಲ, ನಿಜವಾದ ಕಾರಣ ಇನ್ನೆಲ್ಲೋ ಇತ್ತು ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾ ಹೋಗಿ, ಕತೆಗಳ ನಡುವೆ ದೋಷ ಸಿಕ್ಕಿಬೀಳುತ್ತಿತ್ತು. ತಿಂಡಿಯ ಹೊತ್ತಿನ, ಊಟದ ಹೊತ್ತಿನ ಇಂಥ ಮಾತನ್ನು ಆಡಳಿತ ವರ್ಗ ಹರಟೆ ಎಂದುಕೊಳ್ಳುವುದು ಸಹಜ. ಕೆಟ್ಟ ಯಂತ್ರದ ಮುಂದೆ ತಾನೂ ಒಬ್ಬಂಟಿಯಾಗಿ ನಿಂತಿದ್ದವನಿಗೆ ಮಾತ್ರ ಆ ಹರಟೆಯೇ ರಿಪೇರಿಯ ಅರ್ಧ ಕೆಲಸ ಎಂಬುದು ಕಿವಿಗೆ ಬೀಳುತ್ತದೆ. ಓರ್ ಅವರ ಅಧ್ಯಯನದ ನಂತರದ ವರ್ಷಗಳಲ್ಲಿ ಜೆರಾಕ್ಸ್ ಸಂಸ್ಥೆಯು ತಂತ್ರಜ್ಞರೇ ಬರೆದು ಪರಸ್ಪರ ಹಂಚಿಕೊಳ್ಳುವ ಸಲಹೆಗಳ ವ್ಯವಸ್ಥೆಯೊಂದನ್ನು ಯೂರೇಕಾ ಎಂಬ ಹೆಸರಿನಲ್ಲಿ ಕಟ್ಟಿತು.

ನರ್ಸಿಂಗ್ ಕ್ಷೇತ್ರದಲ್ಲಿ ಪೆಟ್ರಿಷಿಯಾ ಬೆನ್ನರ್ ಮಾಡಿದ್ದೂ ಇದೇ ಬಗೆಯ ಕೆಲಸ. ಸ್ವತಃ ನರ್ಸ್ ಆಗಿ ತರಬೇತಿ ಪಡೆದು, ತೀವ್ರ ನಿಗಾ ಘಟಕದ ಕೆಲಸವನ್ನು ಬಲ್ಲವರಾಗಿದ್ದ ಅವರು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನರ್ಸ್ ಒಬ್ಬಳು ಐದು ಮೆಟ್ಟಿಲುಗಳಲ್ಲಿ ನಿಪುಣಳಾಗುವುದನ್ನು ವಿವರಿಸಿದರು. ಆ ಐದು ಮೆಟ್ಟಿಲುಗಳ ಚೌಕಟ್ಟು ಅವರದಲ್ಲ. ಸ್ಟುವರ್ಟ್ ಡ್ರೈಫಸ್ ಮತ್ತು ತತ್ತ್ವಶಾಸ್ತ್ರಜ್ಞ ಹ್ಯೂಬರ್ಟ್ ಡ್ರೈಫಸ್ ಎಂಬ ಸಹೋದರರು 1980ರಲ್ಲಿ ಅಮೆರಿಕದ ವಾಯುಪಡೆಗಾಗಿ ಬರೆದ ವರದಿಯಿಂದ ಬಂದದ್ದು. ಆದರೆ ಸಹೋದರರ ಬರಹದಲ್ಲಿ ಮೂಳೆಗಳಷ್ಟೇ ಇದ್ದ ವಿಚಾರಕ್ಕೆ ಬೆನ್ನರ್ ರಕ್ತ ಮಾಂಸ ತುಂಬಿದರು. ಯಂತ್ರದಲ್ಲಿ ನಾಡಿ, ರಕ್ತದೊತ್ತಡ ಎಲ್ಲ ಸರಿಯಿದ್ದಾಗಲೂ ‘ಈ ರೋಗಿ ಯಾಕೋ ಸರಿಯಿಲ್ಲ’ ಎಂದು ಅನುಭವಿ ನರ್ಸ್ ಹೇಳುವ ಮಾತನ್ನು ಅವರು ಭಾವನೆ ಎಂದು ತಳ್ಳಿಹಾಕದೆ, ಜ್ಞಾನದ ಒಂದು ರೂಪ ಎಂದು ತೆಗೆದುಕೊಂಡರು. ರಾತ್ರಿ ಪಾಳಿಯಲ್ಲಿ ಆ ಮಾತನ್ನು ವೈದ್ಯರಿಗೆ ಹೇಳಿ, ಆಧಾರ ಕೊಡಲಾಗದೆ ನಿಂತ ನರ್ಸ್‌ಗಳ ಪಾಡು ಆ ವೃತ್ತಿಯ ಒಳಗಿನವರಿಗೆ ಹೊಸದಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ, ಕೆಲಸ ಮಾಡಿದವರೇ ಕೆಲಸವನ್ನು ಅರಿಯಬಲ್ಲರು ಎಂಬ ಸುಲಭದ ತೀರ್ಮಾನಕ್ಕೆ ಬಂದಂತಾಗುತ್ತದೆ. ಬಹಳ ಕಾಲ ನಾನೂ ಅಲ್ಲಿಯೇ ಇದ್ದೆ. ನನ್ನನ್ನು ಅಲ್ಲಿಂದ ಕದಲಿಸಿದವರು ಜೀನ್ ಲೇವ್. ಅವರು ಮಾನವಶಾಸ್ತ್ರಜ್ಞೆ, 1973ರಿಂದ 1978ರವರೆಗೆ ಮತ್ತೆ ಮತ್ತೆ ಲೈಬೀರಿಯಾದ ಮನ್ರೋವಿಯಾ ನಗರಕ್ಕೆ ಹೋಗಿ, ಅಲ್ಲಿಯ ವಾಯ್ ಮತ್ತು ಗೋಲಾ ದರ್ಜಿಗಳ ನಡುವೆ ಕೂತು ಬಂದವರು. ಆ ಕಸುಬಿಗೆ ಅವರು ಪೂರ್ತಿ ಹೊರಗಿನವರು. ದರ್ಜಿಯ ಕೈಕೆಳಗಿನ ಹುಡುಗರು ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು ಮೊದಲಾದ ಕೊನೆಯ ಕೆಲಸಗಳಿಂದ ಆರಂಭಿಸಿ, ಆಮೇಲೆ ಹೊಲಿಗೆಗೆ, ಅದರ ನಂತರ ಬಟ್ಟೆ ಕತ್ತರಿಸುವುದಕ್ಕೆ ಬರುವುದನ್ನು ಅವರು ಗಮನಿಸಿದರು. ತಯಾರಿಕೆಯ ಕ್ರಮಕ್ಕೆ ಕಲಿಕೆಯ ಕ್ರಮ ಬಹುಮಟ್ಟಿಗೆ ತಲೆಕೆಳಗು. ಸಿದ್ಧವಾದ ಉಡುಪಿನ ಇಡೀ ರೂಪ ಮೊದಲು ಕೈಗೆ ಸಿಗುತ್ತದೆ. ಕತ್ತರಿ ಕೊನೆಗೆ ಬರುತ್ತದೆ, ಏಕೆಂದರೆ ಕತ್ತರಿಯ ತಪ್ಪಿಗೆ ಬಟ್ಟೆಯ ಬೆಲೆ ತೆರಬೇಕು. ಟೋಪಿ, ಚಡ್ಡಿ, ಮಕ್ಕಳ ಉಡುಪುಗಳಿಂದ ತೊಡಗಿ ಸೂಟ್ ತನಕ ದಾರಿ ಹೀಗೆ ಏರುತ್ತದೆ. ನಮ್ಮೂರ ದರ್ಜಿಯ ಅಂಗಡಿಯಲ್ಲೂ ಕಾಜಾ ಹೊಲಿಯುವ ಹುಡುಗ ಬಾಗಿಲ ಬಳಿ ಕೂರುತ್ತಿದ್ದ, ಕತ್ತರಿ ಮೇಷ್ಟ್ರ ಮೇಜಿನ ಮೇಲಿರುತ್ತಿತ್ತು. ನಾನು ಅದನ್ನು ಬಾಲ್ಯವಿಡೀ ನೋಡಿದ್ದೆ. ಅದರಲ್ಲಿ ಪಾಠಕ್ರಮವೊಂದು ಅಡಗಿದೆ ಎಂದು ನನಗೆ ಹೊಳೆದಿರಲಿಲ್ಲ, ಬಹುಶಃ ಆ ಮೇಷ್ಟ್ರಿಗೂ ಹೊಳೆದಿರಲಿಲ್ಲ.

ಲೇವ್ ಅವರ ಕತೆಯಲ್ಲಿ ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ಹೊಲಿಗೆಯಲ್ಲಿ ಕಲಿತ ಲೆಕ್ಕ ಬೇರೆ ಲೆಕ್ಕಗಳಿಗೆ ಒದಗುತ್ತದೆಯೇ, ಶಾಲೆಯಲ್ಲಿ ಕಲಿತದ್ದು ಹೊಲಿಗೆಗೆ ಒದಗುತ್ತದೆಯೇ ಎಂದು ತಿಳಿಯಲು ಅವರು ದರ್ಜಿಗಳಿಗೆ ಪ್ರಯೋಗದ ರೂಪದ ಲೆಕ್ಕಗಳನ್ನು ಕೊಟ್ಟಿದ್ದರು. ಕಾಲಾನಂತರ, ತಾವು ಕೊಟ್ಟ ಪರೀಕ್ಷೆಯೇ ಶಾಲೆಯ ಕಣ್ಣಿನಿಂದ ಕೆಲಸವನ್ನು ಅಳೆಯುತ್ತಿತ್ತು ಎಂಬ ನಿಲುವಿಗೆ ಬಂದು, ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು ಹೊಸದಾಗಿ ಯೋಚಿಸಿದರು. ಹೊಸ ಊರಿಗೆ ಹೋಗಿ ಏನೂ ಗೊತ್ತಿಲ್ಲದವರಂತೆ ಕೂರುವುದನ್ನು ಕಲಿಸುವ ವಿದ್ಯೆ ಮಾನವಶಾಸ್ತ್ರ. ಆ ವಿದ್ಯೆಯೇ ಅವರ ಪಾಲಿನ ಕಸುಬು. ಆ ಕಸುಬಿನಲ್ಲಿ ಅವರು ಪಳಗಿದ್ದರು. ಇನ್ನು ಅವರ ಜೊತೆ 1991ರಲ್ಲಿ ಕಲಿಕೆಯ ಬಗೆಗಿನ ಒಂದು ಸಣ್ಣ, ಬಹು ಪ್ರಭಾವಶಾಲಿ ಪುಸ್ತಕವನ್ನು ಬರೆದ ಎಟಿಯೆನ್ ವೆಂಗರ್ ಬಂದದ್ದು ಕಂಪ್ಯೂಟರ್ ವಿಜ್ಞಾನದಿಂದ. ಪಾಠ ಹೇಳುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳ ಬಗ್ಗೆ ಅವರು 1987ರಲ್ಲಿಯೇ ಒಂದು ಪುಸ್ತಕ ಬರೆದಿದ್ದರು. ಯಂತ್ರಕ್ಕೆ ಪಾಠ ಹೇಳಿಸುವ ದಾರಿಯಲ್ಲಿ ಹೊರಟವರು, ಜನರ ಗುಂಪು ಹೇಗೆ ತನ್ನಷ್ಟಕ್ಕೆ ಪಾಠವಾಗುತ್ತದೆ ಎಂಬುದರ ಕಡೆಗೆ ತಿರುಗಿದರು.

ಒಳಗಿನವನ ಕಣ್ಣಿಗೂ ಪೊರೆ ಬರುತ್ತದೆ ಎಂಬುದನ್ನು ನಾನು ಚನ್ನಪಟ್ಟಣದಲ್ಲಿ ಕಲಿತೆ. ಕೆಲವು ವರ್ಷಗಳ ಹಿಂದೆ ಸಮಾಜಶಾಸ್ತ್ರ ಓದುತ್ತಿದ್ದ ಗೆಳತಿಯೊಬ್ಬಳ ಜೊತೆ ಅಲ್ಲಿಯ ಗೊಂಬೆ ಮಾಡುವವರನ್ನು ನೋಡಲು ಹೋಗಿದ್ದೆ. ಆಲೆ ಮರದ ತುಂಡು ಲೇತ್ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಟರ್ನರ್ ಆದ ನಾನು ಇಡೀ ದಿನ ಆ ಒತ್ತುವಿಕೆಯನ್ನೇ ನೋಡಿದೆ. ಎಷ್ಟು ಜೋರು, ಯಾವ ವೇಗಕ್ಕೆ, ಕೈ ಯಾವ ಕೋನದಲ್ಲಿ ಎಂದು ಟಿಪ್ಪಣಿ ಮಾಡಿಕೊಂಡೆ. ಲೇತ್ ಏನೆಂದೇ ಅರಿಯದ ಗೆಳತಿ ಕೇಳಿದ ಪ್ರಶ್ನೆಗಳು ಬೇರೆ: ಯಾವ ಯಂತ್ರದಲ್ಲಿ ಯಾರು ಕೂರುತ್ತಾರೆ, ಹೊಸ ಮಾದರಿಯನ್ನು ಯಾರಿಗೆ ಮೊದಲು ತೋರಿಸುತ್ತಾರೆ, ಕಲಿಯುವವಳು ಕೆಡಿಸಿದ ತುಂಡಿನ ನಷ್ಟ ಯಾರ ಕೂಲಿಯಿಂದ ಹೋಗುತ್ತದೆ. ಸಂಜೆ ಬಸ್ಸಿನಲ್ಲಿ ಇಬ್ಬರ ಟಿಪ್ಪಣಿಗಳನ್ನೂ ಎದುರುಬದುರು ಇಟ್ಟು ಓದಿದಾಗ, ನನಗೆ ಗೊತ್ತಿದೆ ಎಂದುಕೊಂಡ ಕಾರಣಕ್ಕೇ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಎಷ್ಟಿದ್ದವು ಎಂಬುದು ಕಂಡಿತು. ಕೆಡಿಸಿದ ತುಂಡಿನ ನಷ್ಟ ತನ್ನ ತಲೆಗೇ ಬರುವುದಾದರೆ ಯಾರೂ ಹೊಸದನ್ನು ಕಲಿಯಲು ಕೈ ಹಾಕುವುದಿಲ್ಲ. ಆರು ವರ್ಷ ಸಂಬಳಕ್ಕೆ ದುಡಿದಿದ್ದ ನನಗೆ ಆ ಭಯ ಅಪರಿಚಿತವಾಗಿತ್ತು.

ಹಾಗಾಗಿ ಹಿನ್ನೆಲೆ ಎಂಬುದು ಅರ್ಹತೆಯ ಮುದ್ರೆ ಎಂದು ನಾನೀಗ ಹೇಳುವುದಿಲ್ಲ. ಅದು ಪ್ರಶ್ನೆಗಳು ಹುಟ್ಟುವ ಜಾಗ, ಅಷ್ಟೇ ಸತ್ಯವಾಗಿ ಪ್ರಶ್ನೆಗಳು ಹುಟ್ಟದೆ ಹೋಗುವ ಜಾಗ. ಡೊನಾಲ್ಡ್ ಶೋನ್ ಅವರನ್ನೇ ನೋಡಬಹುದು. ಹಾರ್ವರ್ಡ್‌ನಲ್ಲಿ 1955ರಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್, ಕ್ಲಾರಿನೆಟ್ ವಾದನದ ಗಂಭೀರ ಅಭ್ಯಾಸ, ಆಮೇಲೆ ಆರ್ಥರ್ ಡಿ. ಲಿಟಲ್ ಎಂಬ ಸಲಹಾ ಸಂಸ್ಥೆಯಲ್ಲಿ ಕೆಲಸ, ಕೊನೆಗೆ ಎಂಐಟಿಯ ಅಧ್ಯಾಪಕ ಹುದ್ದೆ. ಕೆಲಸ ಮಾಡುತ್ತಿರುವಾಗಲೇ ಕೈ ಯೋಚಿಸುತ್ತದೆ ಎಂಬ ಅವರ ವಿಚಾರದಲ್ಲಿ ಸಂಗೀತಗಾರನ ಅನುಭವ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ 1983ರ ಅವರ ಪ್ರಸಿದ್ಧ ಪುಸ್ತಕದಲ್ಲಿ ಬರುವವರು ವಾಸ್ತುಶಿಲ್ಪಿಗಳು, ಮನೋಚಿಕಿತ್ಸಕರು, ಎಂಜಿನಿಯರುಗಳು, ನಗರ ಯೋಜಕರು, ವ್ಯವಸ್ಥಾಪಕರು. ಆ ವಿಚಾರವನ್ನು ನಾನು ಆಳವಾಗಿ ಗೌರವಿಸುತ್ತೇನೆ. ಅದರಲ್ಲಿ ಲೇತ್ ನಡೆಸುವವನಿಗೂ ಒಂದು ಅಧ್ಯಾಯವಿರಬೇಕಿತ್ತು ಎಂಬ ಕೊರಗು ಮಾತ್ರ ಉಳಿದಿದೆ. ಆ ಕೊರಗನ್ನು ಕೆಲಮಟ್ಟಿಗೆ ತೀರಿಸಿದವರು ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕರಾಗಿದ್ದ ಮೈಕ್ ರೋಸ್. ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಬದುಕು ಸಾಗಿಸಿದ ತಾಯಿಯ ಮಗ ಅವರು. ಹಲವು ಮೇಜುಗಳ ಆರ್ಡರ್ ನೆನಪಿಟ್ಟುಕೊಂಡು, ಒಂದೇ ಸುತ್ತಿನಲ್ಲಿ ಮೂರು ನಾಲ್ಕು ಕೆಲಸ ಮುಗಿಯುವಂತೆ ಹೆಜ್ಜೆ ಹಾಕುತ್ತಿದ್ದ ತಾಯಿಯನ್ನು ಕಂಡಿದ್ದ ಮಗ, 2004ರಲ್ಲಿ ಸಪ್ಲೈಯರ್, ಕ್ಷೌರಿಕ, ಪ್ಲಂಬರ್, ಬಡಗಿಗಳ ಬುದ್ಧಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ಹಿನ್ನೆಲೆ ಅವರದೇ ವೃತ್ತಿಯದಲ್ಲ, ತಾಯಿಯ ವೃತ್ತಿಯದು. ಅದೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ದೇಶದ ಕಡೆ ತಿರುಗಿದಾಗ ನನಗೆ ನಿಜವಾದ ಸಂಕಟವಾಗುತ್ತದೆ. 2017ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವೃತ್ತಿ ತರಬೇತಿಯ ಪ್ರಶ್ನೆಯಿದೆ. ಔಪಚಾರಿಕ ತರಬೇತಿ ಪಡೆಯದೆ ಕಲಿತವರಿಗೆ ಅಲ್ಲಿರುವ ಆಯ್ಕೆಗಳು: ವಂಶಪಾರಂಪರ್ಯ, ಸ್ವಂತ ಕಲಿಕೆ, ಕೆಲಸ ಮಾಡುತ್ತಾ ಕಲಿಕೆ, ಇತರೆ. ಮನ್ರೋವಿಯಾದ ದರ್ಜಿಗಳಂಥವರು, ಬಾಲ್ಟಿಮೋರ್ ಗೋದಾಮಿನವರಂಥವರು, ನಮ್ಮ ಗಾರೆ ಕೆಲಸದವರು, ಮೆಕ್ಯಾನಿಕ್‌ಗಳು ಎಲ್ಲರೂ ಅಲ್ಲಿ ಒಂದೊಂದು ಸಂಕೇತ ಸಂಖ್ಯೆ. ಸಮೀಕ್ಷೆಯ ಕೆಲಸ ಎಣಿಸುವುದು, ಅದನ್ನು ದೂರುವಂತಿಲ್ಲ. ಆದರೆ ಆ ಸಂಕೇತ ಸಂಖ್ಯೆಯ ಒಳಗೆ ಏನು ನಡೆಯುತ್ತದೆ ಎಂದು ಕೂತು ನೋಡುವವರು ನಮ್ಮಲ್ಲಿ ಬಹಳ ಕಡಿಮೆ. ನಾನು ಓದಿದ ಮಟ್ಟಿಗೆ, ಕೌಶಲದ ಬಗ್ಗೆ ಇಲ್ಲಿ ಬರೆಯುವವರಲ್ಲಿ ಹೆಚ್ಚಿನವರು ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್ ಅಥವಾ ಆಡಳಿತದಿಂದ ಬಂದವರು. ಎಷ್ಟು ಜನರಿಗೆ ಪ್ರಮಾಣಪತ್ರ ಸಿಕ್ಕಿತು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುವು ಅವರ ಪ್ರಶ್ನೆಗಳು, ಅಗತ್ಯವಾದ ಪ್ರಶ್ನೆಗಳೇ. ಹಿಂದೊಮ್ಮೆ ಪೂರ್ವಾನುಭವವನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಪರೀಕ್ಷೆಯೊಂದಕ್ಕೆ ಹೋಗಿದ್ದೆ. ಇಪ್ಪತ್ತು ವರ್ಷ ಗೋಡೆ ಕಟ್ಟಿದ್ದ ಮೇಸ್ತ್ರಿಯೊಬ್ಬರು ಟ್ಯಾಬ್ಲೆಟ್ ಹಿಡಿದು, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಒತ್ತಲು ಹೆಣಗುತ್ತಿದ್ದರು. ಅವರ ಕೈಗೆ ಕರಣೆ ಕೊಡುವ ಯೋಚನೆ ಅಲ್ಲಿ ಯಾರಿಗೂ ಬರಲಿಲ್ಲ.

ಕಸುಬನ್ನು ಬಲ್ಲ, ಕಲಿಸುವುದನ್ನೂ ಬಲ್ಲ ಒಂದು ವರ್ಗ ನಮ್ಮಲ್ಲಿ ಇಲ್ಲದಿಲ್ಲ. ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಬಂತು, ಅಪ್ರೆಂಟಿಸ್ ಕಾಯ್ದೆ 1961ರಲ್ಲಿ. ಅಂದಿನಿಂದ ಐಟಿಐಗಳ ಬೋಧಕರು ಪ್ರತಿ ವರ್ಷ ಹೊಸ ಹುಡುಗರ ಕೈ ತಿದ್ದುತ್ತಾ ಬಂದಿದ್ದಾರೆ. ಬೋಧಕರಾಗುವವರಿಗೆ ಒಂದು ವರ್ಷದ ತರಬೇತಿಯೂ ಇದೆ. ಬಿಲೆಟ್ ಅವರು ಉಡುಪಿನ ಉದ್ಯಮದಿಂದ ವೃತ್ತಿ ಶಿಕ್ಷಣಕ್ಕೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ನಡೆದ ದಾರಿಯ ಮೊದಲ ಅರ್ಧ ನಮ್ಮಲ್ಲೂ ಇದೆ ಎಂದಾಯಿತು. ಮುಂದಿನ ಅರ್ಧ ಕಡಿದು ಹೋಗುತ್ತದೆ. ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು, ನಿಜ. ಅಷ್ಟು ಹೊತ್ತಿಗೆ ಅವನು ಎಂಜಿನಿಯರ್ ಆಗಿರುತ್ತಾನೆ, ಟರ್ನರ್ ಆಗಿದ್ದುದನ್ನು ಬಯೋಡೇಟಾದಿಂದ ಅಳಿಸಿರುತ್ತಾನೆ. ಅಳಿಸಿದವರನ್ನು ನಾನು ದೂಷಿಸಲಾರೆ. ಅದನ್ನು ಉಳಿಸಿಕೊಂಡರೆ ಸಂದರ್ಶನದಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ಆದರೆ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಎಂದು ಕಸುಬನ್ನು ಹೆಸರಿನ ಮುಂದೆ ಹೊತ್ತುಕೊಂಡು, ದೋಣಿ, ಬಟ್ಟೆ, ಹುರಿಗಳ ನಡುವಿನಿಂದಲೇ ದೊಡ್ಡ ಪ್ರಶ್ನೆಗಳನ್ನು ಕೇಳಿದವರ ನಾಡಿನಲ್ಲಿ ಈ ಅಳಿಸುವಿಕೆ ನಡೆಯುತ್ತಿರುವುದು ನನಗೆ ನೋವಿನ ವಿಷಯ.

ಕಳೆದ ವರ್ಷ, ನಾನು ಓದಿದ ಐಟಿಐಗೆ ಬಹಳ ದಿನಗಳ ನಂತರ ಹೋಗಿದ್ದೆ. ನಿವೃತ್ತಿಗೆ ಹತ್ತಿರವಾಗಿದ್ದ ಟರ್ನರ್ ವಿಭಾಗದ ಬೋಧಕರು ತಮ್ಮ ಡ್ರಾಯರ್‌ನಿಂದ ಒಂದು ಉದ್ದನೆಯ ನೋಟ್‌ಪುಸ್ತಕ ತೆಗೆದು ತೋರಿಸಿದರು. ಪ್ರತಿ ಬ್ಯಾಚಿನ ಹುಡುಗರು ಯಾವ ವಾರ ಯಾವ ತಪ್ಪು ಮಾಡುತ್ತಾರೆ ಎಂದು ಅದರಲ್ಲಿ ಬರೆದಿಟ್ಟಿದ್ದರು. ಒಂದು ಪುಟದಲ್ಲಿ ಹೀಗಿತ್ತು: ಮೊದಲ ಹತ್ತು ವಾರ ಹುಡುಗರು ಟೂಲ್ ತುದಿಯಿಂದ ಕಣ್ಣು ತೆಗೆಯುವುದಿಲ್ಲ, ಹನ್ನೊಂದನೇ ವಾರದ ಸುಮಾರಿಗೆ ಯಂತ್ರ ಓಡುತ್ತಿರುವಾಗಲೇ ತಲೆ ಎತ್ತಿ ಪಕ್ಕದವನ ಜೊತೆ ಮಾತಾಡಲು ತೊಡಗುತ್ತಾರೆ, ಆಗ ಬೈಯಬಾರದು, ಕಿವಿ ಕೆಲಸಕ್ಕೆ ಬಂದಿದೆ ಎಂದು ಅರ್ಥ. ಇದನ್ನು ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದೆ. ಯಾರೂ ಕೇಳಿರಲಿಲ್ಲ ಎಂದರು. ಆ ಪುಟವನ್ನು ನಕಲು ಮಾಡಿಕೊಳ್ಳಲು ಅನುಮತಿ ಬೇಡಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ಮನೆಯಲ್ಲಿ 1998ರಿಂದ ಬರೆದ ಇನ್ನೂ ಏಳು ನೋಟ್‌ಪುಸ್ತಕಗಳಿವೆ, ಭಾನುವಾರ ಬಿಡುವಿದ್ದರೆ ಬಾ ಎಂದರು.